ಪ್ರತಿ ಮಾಡುವ ಧರ್ಮ: ಫೈಲ್ ಹಂಚಿಕೆ ಮತ್ತು ನಾಟಕಕಾರನ ಹಕ್ಕು

ಒಂದು ಕೃತಿಯನ್ನು ರಚಿಸಿದವರಿಗೆ ಅದರ ಪ್ರತಿ ಮಾಡುವ, ಮುದ್ರಿಸುವ, ರಂಗದ ಮೇಲೆ ಪ್ರಯೋಗಿಸುವ, ಅನುವಾದಿಸುವ ಮತ್ತು ಸಾರ್ವಜನಿಕರಿಗೆ ತಲುಪಿಸುವ ವಿಷಯದಲ್ಲಿ ನಿಗದಿತ ಅವಧಿಯವರೆಗೆ ಕಾನೂನು ಕೊಡುವ ಅಧಿಕಾರವನ್ನು ಕೃತಿಸ್ವಾಮ್ಯ ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಆಧಾರ 1957ರ ಕೃತಿಸ್ವಾಮ್ಯ ಕಾಯ್ದೆ. ಈ ಹಕ್ಕು ಪಡೆಯಲು ನೋಂದಣಿ ಕಡ್ಡಾಯವಲ್ಲ; ಕೃತಿ ಬರಹದ ರೂಪ ತಳೆದ ಕ್ಷಣದಿಂದಲೇ ಅದು ಕರ್ತೃವಿಗೆ ಸೇರುತ್ತದೆ. ಫೈಲ್ ಹಂಚಿಕೆಯ ನೈತಿಕತೆಯ ಬಗ್ಗೆ ನಡೆಯುವ ಚರ್ಚೆಗಳು ಸಾಮಾನ್ಯವಾಗಿ 1999ರಲ್ಲಿ ಅಮೆರಿಕದಲ್ಲಿ ಹುಟ್ಟಿ 2001ರಲ್ಲಿ ನ್ಯಾಯಾಲಯದ ಆದೇಶದ ಮುಂದೆ ನಿಂತುಹೋದ ನ್ಯಾಪ್‌ಸ್ಟರ್ ಎಂಬ ಸಂಗೀತ ಹಂಚಿಕೆಯ ವ್ಯವಸ್ಥೆಯಿಂದ ಆರಂಭವಾಗಿ, ಸಿನಿಮಾ ಮತ್ತು ಹಾಡಿನ ಉದ್ಯಮದ ನಷ್ಟದ ಲೆಕ್ಕದಲ್ಲಿ ಮುಗಿಯುತ್ತವೆ. ಬಾಗಲಕೋಟೆ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಕೇಳುವಾಗ ಎದುರಿಗೆ ಬರಬೇಕಾದದ್ದು ಬೇರೊಂದು ಕಡತ. ಅದು ಊರಿನ ಜಾತ್ರೆಗೆ ಆಡುವ ನಾಟಕದ ಪುಸ್ತಕವನ್ನು ಪುಟಪುಟವಾಗಿ ಮೊಬೈಲಿನಲ್ಲಿ ಫೋಟೊ ತೆಗೆದು ಮಾಡಿದ, ಒಂದು ವಾಟ್ಸ್‌ಆ್ಯಪ್ ಗುಂಪಿನಿಂದ ಮತ್ತೊಂದಕ್ಕೆ ದಾಟುತ್ತಿರುವ ಪಿಡಿಎಫ್.

ಪ್ರತಿ ಮಾಡಿ ಹಂಚುವುದನ್ನು ಈ ನಾಡು ಎಂದೂ ಪಾಪವೆಂದು ಬಗೆದಿಲ್ಲ. ಮುಧೋಳದ ಕವಿ ರನ್ನನಿಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಸಂಗತಿ ಕನ್ನಡ ಸಾಹಿತ್ಯ ಚರಿತ್ರೆಯ ಪ್ರತಿಯೊಂದು ಪುಸ್ತಕದಲ್ಲಿಯೂ ಇದೆ. ಜೈನ ಸಂಪ್ರದಾಯದಲ್ಲಿ ಇದಕ್ಕೆ ಶಾಸ್ತ್ರದಾನವೆಂದು ಹೆಸರು. ಗ್ರಂಥವನ್ನು ಬರೆಸಿ ಓದುವವರಿಗೆ ಕೊಡುವುದು ಅನ್ನದಾನಕ್ಕೆ ಸಮನಾದ ಪುಣ್ಯಕಾರ್ಯ. ಫೈಲ್ ಹಂಚಿಕೆಯನ್ನು ಸಮರ್ಥಿಸುವವರು ಈ ಸಂಗತಿಯನ್ನು ತಮ್ಮ ಪರವಾದ ಸಾಕ್ಷ್ಯವೆಂದು ಮುಂದಿಡಬಹುದು. ಆದರೆ ಅದೇ ಅತ್ತಿಮಬ್ಬೆಯು 993ರಲ್ಲಿ ಪೂರ್ಣಗೊಂಡ ಅಜಿತಪುರಾಣವನ್ನು ರನ್ನನಿಂದ ಬರೆಸಿದ ಪೋಷಕಿಯೂ ಹೌದು ಎಂಬುದನ್ನು ಮರೆತರೆ ಸಾಕ್ಷ್ಯ ಅರ್ಧವಾಗುತ್ತದೆ. ಪ್ರತಿಕಾರರಿಗೆ ಕೂಲಿ ಕೊಟ್ಟು ಹಳೆಯ ಕವಿಯ ಕೃತಿಯನ್ನು ಉಳಿಸಿದ ಕೈಯೇ ಬದುಕಿದ್ದ ಕವಿಯನ್ನೂ ಸಲಹಿತು. ಹಂಚಿಕೆ ಮತ್ತು ಪೋಷಣೆ ಅಲ್ಲಿ ಒಂದೇ ವ್ಯಕ್ತಿಯ ಹೊಣೆಯಾಗಿದ್ದವು. ಇಂದಿನ ಹಂಚಿಕೆಯಲ್ಲಿ ಮೊದಲನೆಯದು ಮಾತ್ರ ಉಳಿದಿದೆ, ಅದೂ ಖರ್ಚಿಲ್ಲದೆ.

ಈ ಕಾರಣದಿಂದ ಅನುಮತಿಯಿಲ್ಲದ ನಕಲನ್ನು ಕಳ್ಳತನವೆಂದು ಕರೆಯುವ ಸಿನಿಮಾ ಜಾಹೀರಾತಿನ ಭಾಷೆ ಪೂರ್ತಿ ಸರಿಯಲ್ಲ. ಕಳ್ಳತನದಲ್ಲಿ ವಸ್ತು ಒಬ್ಬರ ಕೈಬಿಟ್ಟು ಇನ್ನೊಬ್ಬರ ಕೈಸೇರುತ್ತದೆ. ಫೈಲ್ ಹಂಚಿಕೆಯಲ್ಲಿ ಮೂಲ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ. ಇಲ್ಲಿ ಆಗುವ ಅನ್ಯಾಯದ ಸ್ವರೂಪ ಬೇರೆ. ದುಡಿಸಿಕೊಂಡು ಕೂಲಿ ಕೊಡದಿರುವುದು ಮತ್ತು ಮಾಡಿದವರ ಹೆಸರನ್ನು ಅಳಿಸುವುದು ಎಂಬ ಎರಡು ಹಳೆಯ ತಪ್ಪುಗಳು ಇದರಲ್ಲಿ ಕೂಡಿವೆ. ಹಾಗೆಂದು ಇದು ಕಳ್ಳತನಕ್ಕಿಂತ ಹಗುರವಾದ ತಪ್ಪಲ್ಲ.

ಹಳ್ಳಿಯ ಸಾಮಾಜಿಕ ನಾಟಕದ ಖರ್ಚಿನ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ಊರುಗಳಲ್ಲಿ ಜಾತ್ರೆಗೋ ಉಗಾದಿಗೋ ನಾಟಕ ಹಚ್ಚುವ ತರುಣರು ಡ್ರಾಮಾ ಸೀನ್ಸ್‌ನವರಿಗೆ ಪರದೆಯ ಬಾಡಿಗೆ, ಧ್ವನಿವರ್ಧಕ ಮತ್ತು ಲೈಟಿನವರಿಗೆ ಬಾಡಿಗೆ, ತಿಂಗಳುಗಟ್ಟಲೆ ತಾಲೀಮು ನಡೆಸುವ ಮಾಸ್ತರರಿಗೆ ಗೌರವಧನ, ಪೇಟಿ ಮತ್ತು ತಬಲಾದವರಿಗೆ ಸಂಭಾವನೆ, ಸ್ತ್ರೀಪಾತ್ರಕ್ಕೆ ಬರುವ ವೃತ್ತಿಕಲಾವಿದೆಯರಿಗೆ ಮುಂಗಡ, ಹ್ಯಾಂಡ್‌ಬಿಲ್ ಮುದ್ರಣದ ವೆಚ್ಚ ಎಲ್ಲವನ್ನೂ ಪಟ್ಟಿ ಎತ್ತಿ ಹೊಂದಿಸುತ್ತಾರೆ. ನಾಟಕ ನಡೆಯುತ್ತಿರುವಾಗಲೇ ಪ್ರವೇಶವನ್ನು ನಿಲ್ಲಿಸಿ, ನಟರಿಗೆ ಯಾರು ಎಷ್ಟು ಆಯೇರ ಮಾಡಿದರೆಂದು ಮೈಕಿನಲ್ಲಿ ಹೆಸರು ಹಿಡಿದು ಸಾರುತ್ತಾರೆ. ಇಷ್ಟು ಉದಾರವಾದ, ಪ್ರತಿಯೊಬ್ಬರ ಪಾಲನ್ನು ಎಲ್ಲರ ಮುಂದೆ ಗುರುತಿಸುವ ಈ ವ್ಯವಸ್ಥೆಯಲ್ಲಿ ನಾಟಕ ಬರೆದವರಿಗೆ ಮಾತ್ರ ಯಾವ ಬಾಬೂ ಇರುವುದಿಲ್ಲ. ಹಿಂದೆ ಪಾತ್ರಕ್ಕೊಂದರಂತೆ ಹತ್ತು ಪುಸ್ತಕಗಳನ್ನಾದರೂ ಕೊಳ್ಳುತ್ತಿದ್ದರು, ಅದರಲ್ಲಿ ಕರ್ತೃವಿಗೆ ಅಲ್ಪಸ್ವಲ್ಪ ಸಲ್ಲುತ್ತಿತ್ತು. ಜೆರಾಕ್ಸ್ ಬಂದ ಮೇಲೆ ಅದು ಒಂದು ಪುಸ್ತಕಕ್ಕೆ ಇಳಿಯಿತು. ಪಿಡಿಎಫ್ ಬಂದ ಮೇಲೆ ಆ ಒಂದೂ ಬೇಕಾಗಿಲ್ಲ.

ಕಾನೂನು ಇಲ್ಲಿ ಏನು ಹೇಳುತ್ತದೆ ಎಂಬುದನ್ನು ನಿಖರವಾಗಿ ತಿಳಿಯುವುದು ಅಗತ್ಯ, ಏಕೆಂದರೆ ಎರಡೂ ಕಡೆಯವರು ಅದನ್ನು ತಪ್ಪಾಗಿ ಗ್ರಹಿಸಿದ್ದಾರೆ. ನಾಟಕದ ಪುಸ್ತಕಗಳಲ್ಲಿ ಕರ್ತೃವಿನ ಅನುಮತಿಯಿಲ್ಲದೆ ಪ್ರಯೋಗಿಸಬಾರದೆಂಬ ಸೂಚನೆ ಅಚ್ಚಾಗಿರುತ್ತದೆ. ಆದರೆ ಕಾಯ್ದೆಯ 52ನೆಯ ಕಲಮು ಯಾವ ಬಳಕೆಗಳು ಉಲ್ಲಂಘನೆಯಲ್ಲ ಎಂದು ಪಟ್ಟಿ ಮಾಡುವಾಗ, ಹವ್ಯಾಸಿ ತಂಡವೊಂದು ಟಿಕೆಟ್ ಇಲ್ಲದೆ ಪ್ರೇಕ್ಷಕರಿಗೆ ತೋರಿಸುವ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವ ನಾಟಕಕ್ಕೆ ವಿನಾಯಿತಿ ಕೊಡುತ್ತದೆ. ಹೀಗಾಗಿ ಗುಡಿಯ ಮುಂದೆ ಉಚಿತವಾಗಿ ಆಡುವ ಪ್ರಯೋಗ ಅಪರಾಧವಲ್ಲ. ಆ ವಿನಾಯಿತಿ ಪ್ರಯೋಗಕ್ಕೆ ಮಾತ್ರ ಸೀಮಿತ. ಇಡೀ ಪುಸ್ತಕವನ್ನು ನಕಲು ಮಾಡಿ ಹಂಚುವುದಕ್ಕೂ, ಪ್ರಯೋಗವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದಕ್ಕೂ ಅದು ಅನ್ವಯಿಸುವುದಿಲ್ಲ. ಶಾಸನ ರಚಿಸಿದವರು ಊರಿನ ಸಂಭ್ರಮಕ್ಕೆ ಜಾಗ ಬಿಟ್ಟದ್ದು ಸರಿಯಾದ ನಿರ್ಧಾರವೇ. ಅಪರಾಧವಲ್ಲ ಎಂಬ ಕಾರಣಕ್ಕೆ ಋಣವೂ ಇಲ್ಲ ಎಂದು ತಿಳಿಯುವುದು ಸರಿಯಲ್ಲ. ಪೇಟಿ ಮಾಸ್ತರರಿಗೆ ಕೊಡುವ ಹಣವನ್ನು ಯಾವ ಕಾಯ್ದೆಗೂ ಅಂಜಿ ಕೊಡುವುದಿಲ್ಲ. ದುಡಿದವರಿಗೆ ಕೊಡಬೇಕೆಂಬ ಮರ್ಯಾದೆಯಿಂದ ಕೊಡುತ್ತಾರೆ. ಬದುಕಿರುವ ಲೇಖಕರ ಮೊಬೈಲ್ ಸಂಖ್ಯೆ ಎಷ್ಟೋ ಪುಸ್ತಕಗಳ ಮೇಲೆಯೇ ಇರುವ ಈ ಕಾಲದಲ್ಲಿ, ಒಂದು ಕರೆ ಮಾಡಿ ಕೇಳಿ ಶಕ್ತ್ಯಾನುಸಾರ ಹಣ ಕಳಿಸುವುದಕ್ಕೆ ಹಿಡಿಯುವುದು ಐದು ನಿಮಿಷ.

ವೃತ್ತಿ ಕಂಪನಿಗಳ ಸ್ಥಿತಿ ಇದಕ್ಕಿಂತ ಬೇರೆ. ಬಾದಾಮಿಯ ಹತ್ತಿರ ಚೊಳಚಗುಡ್ಡದ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ಮೊದಲ್ಗೊಂಡು ವಾರಗಟ್ಟಲೆ ಅನೇಕ ನಾಟಕ ಕಂಪನಿಗಳು ತಗಡಿನ ಥಿಯೇಟರು ಹಾಕಿ ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟಗಳನ್ನು ಆಡುತ್ತವೆ, ಮತ್ತು ಮಳೆಗಾಲದ ನಷ್ಟವನ್ನು ಇಂಥ ದೊಡ್ಡ ಜಾತ್ರೆಗಳ ಗಳಿಕೆಯಿಂದಲೇ ತುಂಬಿಕೊಳ್ಳುತ್ತವೆ. ಹಾಸ್ಯಪ್ರಧಾನ ನಾಟಕದ ಜೀವ ಇರುವುದು ಮುಂದಿನ ಮಾತು ಏನೆಂದು ಪ್ರೇಕ್ಷಕನಿಗೆ ಗೊತ್ತಿಲ್ಲದಿರುವುದರಲ್ಲಿ. ಮುಂದಿನ ಸಾಲಿನಲ್ಲಿ ಕುಳಿತವರೊಬ್ಬರು ಮೊಬೈಲ್ ಎತ್ತಿ ಹಾಸ್ಯನಟನ ಪ್ರವೇಶವನ್ನು ಚಿತ್ರೀಕರಿಸಿ ಅಂದೇ ರಾತ್ರಿ ಹರಿಯಬಿಟ್ಟರೆ, ಆ ನಾಟಕ ಮುಂದಿನ ಕ್ಯಾಂಪಿಗೆ ಹೋಗುವ ಮೊದಲೇ ಅದರ ನಗೆ ಹಳತಾಗಿರುತ್ತದೆ. ಜಾಹೀರಾತಿನಿಂದ ಹಣ ಬಂದರೆ ಅದು ಚಾನೆಲ್ ಹೊಂದಿದವರಿಗೆ ಹೋಗುತ್ತದೆ. ಇಲ್ಲಿ ನಾಟಕಕಾರನ ಜೊತೆಗೆ ನಟನ ಹಕ್ಕೂ ಮುರಿಯುತ್ತದೆ. ತನ್ನ ಅಭಿನಯದ ಚಿತ್ರೀಕರಣಕ್ಕೆ ಒಪ್ಪಿಗೆ ಕೊಡುವ ಅಥವಾ ಕೊಡದಿರುವ ಅಧಿಕಾರಕ್ಕೆ ಪ್ರದರ್ಶಕನ ಹಕ್ಕು ಎಂದು ಹೆಸರು. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಬಲಪಡಿಸಿತು. ಆದರೂ ಸರ್ಕಾರದ ಕಿವಿಗೆ ಕೇಳಿಸಿರುವುದು ಸಿನಿಮಾದ ದೂರು ಮಾತ್ರ. ಜನ ಗೂಂಡಾ ಕಾಯ್ದೆ ಎಂದು ಕರೆಯುವ ರಾಜ್ಯದ 1985ರ ಶಾಸನ ವಿಡಿಯೊ ಮತ್ತು ಆಡಿಯೊ ನಕಲುಕೋರರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ, 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಿತು. ಹಾಡು ನಕಲಿಸಿದವರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡಬಲ್ಲ ಕಠೋರ ಉಪಾಯ ಅದು. ತಪ್ಪಿಗೆ ತಕ್ಕ ಪ್ರಮಾಣದ ಶಿಕ್ಷೆ ಅದಲ್ಲ, ಮತ್ತು ಅದರಿಂದ ಒಬ್ಬ ನಾಟಕಕಾರನ ಮನೆಗೂ ಹಣ ತಲುಪುವುದಿಲ್ಲ.

ನಕಲುಗಾರರೊಬ್ಬರೇ ಕರ್ತೃವಿನ ಪಾಲು ತಪ್ಪಿಸುವವರಲ್ಲ ಎಂಬುದನ್ನೂ ಹೇಳಬೇಕು. ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳ ರಂಗದಿಂದ ಹೊರಟು 1974ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರವಾಗಿ ಇಡೀ ರಾಜ್ಯವನ್ನು ತಲುಪಿತು. ಚಿತ್ರ ನೋಡಿದ ಲಕ್ಷಾಂತರ ಜನರಲ್ಲಿ ಅದರ ಬೇರು ಸೂಳೇಭಾವಿಯಲ್ಲಿದೆ ಎಂದು ಬಲ್ಲವರು ಎಷ್ಟು ಕಡಿಮೆ ಎಂಬುದನ್ನು ಯೋಚಿಸಿದರೆ, ಒಂದು ನಾಟಕ ರೂಪದಿಂದ ರೂಪಕ್ಕೆ ದಾಟುವಾಗ ಕರ್ತೃ ಹೇಗೆ ಹಿಂದೆ ಉಳಿಯುತ್ತಾನೆ ಎಂಬುದು ತಿಳಿಯುತ್ತದೆ. ನಾಟಕವನ್ನು ಇಡಿಯಾಗಿ ಮಾರಿಬಿಡುವ ರೂಢಿ ವೃತ್ತಿರಂಗಭೂಮಿಯಲ್ಲಿ ಹಳೆಯದು. ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವ ಕರಾರಿಗೆ ನಿಯೋಜನೆ ಎನ್ನುತ್ತಾರೆ. ಇಂದಿನ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅದು ಲಿಖಿತವಾಗಿರಬೇಕು, ಕರ್ತೃವಿನ ಸಹಿ ಇರಬೇಕು, ಮತ್ತು ಕರಾರಿನಲ್ಲಿ ಅವಧಿಯನ್ನು ಬರೆಯದಿದ್ದರೆ ಐದು ವರ್ಷವೆಂದೇ ಭಾವಿಸಬೇಕು. ಬಾಯಿಮಾತಿನಲ್ಲಿ ಶಾಶ್ವತವಾಗಿ ಕೊಟ್ಟೆನೆಂದು ನಂಬಿ ಕುಳಿತ ಎಷ್ಟೋ ಬರಹಗಾರರಿಗೆ ಈ ಒಂದು ಕಲಮು ತಿಳಿದರೆ ಆಗುವ ಉಪಕಾರ ದೊಡ್ಡದು.

ಹಣಕ್ಕಿಂತ ಆಳವಾದ ಪ್ರಶ್ನೆ ಹೆಸರಿನದು. ಹೆಸರು ಹೇಳಿಸಿಕೊಳ್ಳುವ ಮತ್ತು ಕೃತಿಯನ್ನು ವಿಕೃತಗೊಳಿಸದಂತೆ ತಡೆಯುವ ಅಧಿಕಾರವನ್ನು ಕಾಯ್ದೆಯ 57ನೆಯ ಕಲಮು ಕರ್ತೃವಿನ ವಿಶೇಷ ಹಕ್ಕೆಂದು ಪ್ರತ್ಯೇಕಿಸುತ್ತದೆ. ಕೃತಿಯನ್ನು ಮಾರಿದ ಮೇಲೂ ಅದು ಅಳಿಯುವುದಿಲ್ಲ. ಕೂಡಲಸಂಗಮವನ್ನು ಒಳಗೊಂಡ ಈ ಜಿಲ್ಲೆಗೆ ಇದು ಹೊಸ ವಿಚಾರವಲ್ಲ. ವಚನದ ಕೊನೆಯಲ್ಲಿ ಬರುವ ಅಂಕಿತ ಆರಾಧ್ಯದೈವದ ಹೆಸರಾಗಿದ್ದರೂ, ಮುದ್ರಣವಿಲ್ಲದ ಕಾಲದಲ್ಲಿ ಓಲೆಯಿಂದ ಓಲೆಗೆ, ಬಾಯಿಂದ ಬಾಯಿಗೆ ದಾಟುವ ಮಾತು ಯಾರದೆಂದು ಗುರುತಿಸುವ ಆಧಾರವೂ ಅದೇ ಆಗಿತ್ತು. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ‘ಲಿಂಗದೇವ’ ಎಂದು ಅಚ್ಚು ಹಾಕಿಸಿದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ನಿಷೇಧಿಸಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಆ ನಿಷೇಧ ಧಾರ್ಮಿಕ ಭಾವನೆಗೆ ಸಂಬಂಧಿಸಿದ ಕಾನೂನಿನ ಮೇಲೆ ನಿಂತಿತ್ತೇ ಹೊರತು ಕೃತಿಸ್ವಾಮ್ಯದ ಮೇಲೆ ಅಲ್ಲ, ಮತ್ತು ಪುಸ್ತಕ ನಿಷೇಧ ಇಂಥ ವಿವಾದಕ್ಕೆ ಒಳ್ಳೆಯ ಪರಿಹಾರವೇ ಎಂಬ ಸಂದೇಹಕ್ಕೂ ಅವಕಾಶವಿದೆ. ಆದರೂ ಎಂಟು ಶತಮಾನಗಳ ಹಿಂದಿನ ಕರ್ತೃವಿನ ಒಂದು ಪದ ಬದಲಾದದ್ದಕ್ಕೆ ನೊಂದ ಸಮಾಜವೇ, ಇಂದಿನ ಕವಿಯ ಪದ್ಯದ ಕೆಳಗಿನ ಹೆಸರು ಅಳಿಸಿ ‘ವಾಟ್ಸ್‌ಆ್ಯಪ್ ಕೃಪೆ’ ಎಂದೋ ‘ಸಂಗ್ರಹ’ ಎಂದೋ ಸೇರಿಸಿ ಕಳಿಸುವಾಗ ಏನೂ ಅನ್ನಿಸದೆ ಇರುವುದು ಖೇದಕರ.

ಹಂಚಿಕೆಯ ಪರವಾಗಿಯೂ ಬಲವಾದ ವಾದಗಳಿವೆ. ಕನ್ನಡದ ಎಷ್ಟೋ ಪುಸ್ತಕಗಳು ಸಾವಿರ ಪ್ರತಿಯ ಒಂದೇ ಮುದ್ರಣ ಕಂಡು ಮರೆಯಾಗಿವೆ. ಅಂಗಡಿಯಲ್ಲಿ ಸಿಗದ ಪುಸ್ತಕವನ್ನು ಹುನಗುಂದದ ವಿದ್ಯಾರ್ಥಿ ಸ್ಕ್ಯಾನ್ ಪ್ರತಿಯಲ್ಲಿ ಓದಿದರೆ ಯಾರಿಗೂ ಸಲ್ಲಬೇಕಾದ ಹಣ ತಪ್ಪಿಲ್ಲ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶಕರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಬೋಧನೆಗಾಗಿ ಮಾಡುವ ನಕಲನ್ನು ಎತ್ತಿಹಿಡಿದದ್ದು ನ್ಯಾಯವಾದದ್ದು. ಅಂಧ ಓದುಗರಿಗಾಗಿ ಪುಸ್ತಕವನ್ನು ಓದಬಲ್ಲ ರೂಪಕ್ಕೆ ಬದಲಿಸಿ ಹಂಚಲು 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕರ್ತೃವಿನ ಮರಣಾನಂತರದ ಅವಧಿಯನ್ನು 1992ರಲ್ಲಿ ಐವತ್ತರಿಂದ ಅರವತ್ತು ವರ್ಷಕ್ಕೆ ಏರಿಸಿದ್ದು ರವೀಂದ್ರನಾಥ ಟ್ಯಾಗೋರರ ಕೃತಿಗಳ ಹಿನ್ನೆಲೆಯಲ್ಲಿ. ಅದರಿಂದ ಮೊಮ್ಮಕ್ಕಳ ಪತ್ತೆಯೂ ಇಲ್ಲದ ಸಾವಿರಾರು ಸಾಮಾನ್ಯ ಲೇಖಕರ ಪುಸ್ತಕಗಳು ಹತ್ತು ವರ್ಷ ಹೆಚ್ಚಿಗೆ ಬೀಗದೊಳಗೆ ಉಳಿದವು. ಇದಕ್ಕೆ ಸಮ್ಮತಿಯ ದಾರಿಯೂ ಉಂಟು. ಕಾದಂಬರಿಕಾರ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ, ಅಂದರೆ ಕರ್ತೃವಿನ ಹೆಸರು ಹೇಳಿ ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು ಎಂಬ ಒಪ್ಪಿಗೆಯಡಿ, ಬಿಡುಗಡೆ ಮಾಡಿತು. ಹಂಚುವ ಸ್ವಾತಂತ್ರ್ಯವನ್ನು ಹಕ್ಕುದಾರರೇ ಕೊಟ್ಟರೆ ಅಲ್ಲಿ ಅನ್ಯಾಯದ ಮಾತೇ ಏಳುವುದಿಲ್ಲ.

ಈ ಎಲ್ಲ ಎಳೆಗಳೂ ಒಬ್ಬ ನಾಟಕಕಾರರಲ್ಲಿ ಕೂಡುತ್ತವೆ. ಹುನಗುಂದ ಸೀಮೆಯ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರ ವಿಜಯಪುರದಲ್ಲಿದೆ. ಅವರ ‘ರಕ್ತರಾತ್ರಿ’ಯನ್ನು ಉತ್ತರ ಕರ್ನಾಟಕದ ಹಳ್ಳಿಗಳು ಇಂದಿಗೂ ಆಡುತ್ತಿವೆ. ಮರಣದ ಮುಂದಿನ ವರ್ಷದ ಆರಂಭದಿಂದ ಅರವತ್ತು ವರ್ಷ ಎಣಿಸಬೇಕೆಂಬ ನಿಯಮದಂತೆ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಅಥವಾ ಪ್ರಯೋಗಗೊಂಡ ನಾಟಕಗಳ ಕೃತಿಸ್ವಾಮ್ಯ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. 2027ರ ಜನವರಿ 1ರಿಂದ ಅವನ್ನು ಮುದ್ರಿಸಲು, ಪಿಡಿಎಫ್ ಮಾಡಿ ಹಂಚಲು, ಆಡಲು ಯಾರ ಅಪ್ಪಣೆಯೂ ಬೇಕಿಲ್ಲ. ಆಗ ಉಳಿಯುವ ಪ್ರಶ್ನೆ ಯಾವ ಪಠ್ಯ ಹಂಚಿಕೆಯಾಗುತ್ತದೆ ಎಂಬುದು. ತಾಲೀಮಿನಲ್ಲಿ ಮಾಸ್ತರರು ಕತ್ತರಿಸಿದ ದೃಶ್ಯ, ನಟರು ಸೇರಿಸಿದ ಮಾತು, ನಕಲಿನಲ್ಲಿ ಬಿಟ್ಟುಹೋದ ಸಾಲು ಎಲ್ಲವೂ ಬೆರೆತ ಪ್ರತಿಗಳು ಕೈಗೆ ಮೊದಲು ಸಿಗುತ್ತವೆ, ಮತ್ತು ಮೊದಲು ಏರಿಸಿದ ಪ್ರತಿಯೇ ಎಲ್ಲೆಡೆ ಹರಡುತ್ತದೆ. ಹಳೆಯ ಮುದ್ರಣಗಳನ್ನೂ, ಪಾತ್ರದ ಮಾತುಗಳನ್ನು ಬರೆದಿಟ್ಟುಕೊಂಡ ಹಿರಿಯ ನಟರ ನೋಟ್‌ಬುಕ್ಕುಗಳನ್ನೂ ಕೂಡಿಸಿ, ಪಾಠಾಂತರಗಳನ್ನು ಗುರುತಿಸಿ, ಕರ್ತೃವಿನ ಹೆಸರಿನಡಿ ಒಂದು ಶುದ್ಧ ಪಠ್ಯವನ್ನು ಸಿದ್ಧಪಡಿಸುವ ಕೆಲಸ ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳಿಗೂ ರಂಗಾಸಕ್ತರಿಗೂ ಸೇರಿದ್ದು. ಹಕ್ಕು ಮುಗಿಯಲೆಂದು ಕಾಯುವುದಕ್ಕಿಂತ, ಅನುಮತಿ ಕೇಳಲೇಬೇಕಾದ ಅವಧಿಯಲ್ಲಿಯೇ ವಾರಸುದಾರರ ಬಳಿಗೆ ಹೋಗಿ ಒಪ್ಪಿಗೆ ಪಡೆದು ಈ ಕೆಲಸವನ್ನು ಆರಂಭಿಸುವುದು ಲೇಸು. ಯಾವ ನಾಟಕದ ಯಾವ ಹಸ್ತಪ್ರತಿ ಯಾವ ಪೆಟ್ಟಿಗೆಯಲ್ಲಿ ಉಳಿದಿದೆ ಎಂಬುದನ್ನು ಹೇಳಬಲ್ಲವರು ಅವರು ಮತ್ತು ಆ ಮಾತುಗಳನ್ನು ಬಾಯಿಪಾಠ ಮಾಡಿ ಆಡಿದ ಹಿರಿಯ ಕಲಾವಿದರು ಮಾತ್ರ.