ಸಿಂಕಿನ ಮೇಲೊಂದು ಮಣೆ

ತರಕಾರಿ ಹೆಚ್ಚುವ ಮಣೆಯನ್ನು ಕುರಿತು ಬಾನುಲಿಯಲ್ಲಿ ಭಾಷಣವೇ ಎಂದು ಕೇಳುಗರಲ್ಲಿ ಕೆಲವರಿಗಾದರೂ ನಗು ಬರಬಹುದು. ನಗಲಿ. ಮನೆಗೆ ಸೋಫಾ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ. ಅದರ ಮೇಲೆ ಕೂರುವವರು ವಾರಕ್ಕೊಮ್ಮೆ ಬರುವ ಅತಿಥಿಗಳು. ಬೆಳಗ್ಗೆಯೂ ಸಂಜೆಯೂ ಮನೆಯವರೊಬ್ಬರು ಮುಂದೆ ನಿಲ್ಲಬೇಕಾದ ಹಲಗೆಯನ್ನು ಮಾತ್ರ ಸಂತೆಯಲ್ಲಿ ಕಣ್ಣಿಗೆ ಬಿದ್ದದ್ದೇ ಸರಿ ಎಂದು ತಂದುಬಿಡುತ್ತೇವೆ.

ನಮ್ಮ ಹಿರಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಬಯಲುಸೀಮೆಯ ಈಳಿಗೆಮಣೆಯಾಗಲಿ, ಮಲೆನಾಡು ಕರಾವಳಿಗಳ ಮೆಟ್ಟುಗತ್ತಿಯಾಗಲಿ, ಅಲ್ಲಿ ಅಲಗು ಅಚಲ. ತರಕಾರಿಯೇ ಅದರತ್ತ ನಡೆಯಬೇಕು. ನೆಲದ ಮೇಲೆ ಕುಳಿತು ಮಣೆಯನ್ನು ಕಾಲಿನಿಂದ ಅದುಮಿ ಹಿಡಿದರೆ ಎರಡು ಕೈಗಳಿಗೂ ಬಿಡುವು. ಒಲೆ ಕಟ್ಟೆಯ ಮೇಲೇರಿತು, ಅಡುಗೆ ಮಾಡುವವರು ಎದ್ದು ನಿಂತರು, ಅಲಗು ಕೈಗೆ ಬಂದಿತು. ಆದರೆ ಮಣೆಯನ್ನು ಅದುಮಿ ಹಿಡಿಯುತ್ತಿದ್ದ ಆ ಕಾಲು ಇಲ್ಲವಾಯಿತು. ಅದರ ಕೆಲಸವನ್ನು ಈಗ ಯಾವುದು ಮಾಡಬೇಕು? ಸಿಂಕಿನ ಮೇಲಿಡುವ ಮಣೆಯ ತೊಡಕೆಲ್ಲ ಇದೇ.

ಸಿಂಕಿನ ಮೇಲೇ ಏಕೆ ಎಂದರೆ, ಬೇರೆಲ್ಲಿ ಎಂದು ಕೇಳಬೇಕಾಗುತ್ತದೆ. ಬೆಂಗಳೂರಿನ ಸಣ್ಣ ಮನೆಗಳ ಅಡುಗೆಕಟ್ಟೆಯನ್ನು ನೋಡಿ. ಒಲೆ, ಮಿಕ್ಸಿ, ನೀರು ಶುದ್ಧಿ ಮಾಡುವ ಯಂತ್ರ ಇವು ಕುಳಿತ ಮೇಲೆ ಮಿಕ್ಕುವುದು ಒಂದು ಗೇಣು ಜಾಗ. ಗ್ರಾನೈಟಿನ ಮೇಲೆಯೇ ಹೆಚ್ಚಿದರೆ ಚೂರಿ ಬಹುಬೇಗ ಮೊಂಡಾಗುತ್ತದೆ. ಮೊಂಡು ಚೂರಿ ಜಾರಿ ಬೆರಳಿಗೇ ಬರುತ್ತದೆ. ಸಿಂಕು ಸಾಮಾನ್ಯವಾಗಿ ಕಿಟಕಿಯ ಕೆಳಗಿರುತ್ತದೆ, ಬೆಳಕುಂಟು, ನೀರುಂಟು. ಆ ಬಾವಿಗೆ ಒಂದು ಸೇತುವೆ ಹಾಕಿಕೊಂಡರೆ ಎರಡು ಚದರಡಿ ಜಾಗ ಸಿಕ್ಕಂತೆ.

ನಮ್ಮ ಅತ್ತಿಗೆ ಮಲೆನಾಡಿನ ಹಳ್ಳಿಯಿಂದ ಮಗನ ಮನೆಗೆ ಬಂದಾಗ ಮೆಟ್ಟುಗತ್ತಿಯನ್ನೂ ತಂದಿದ್ದರು. ಮಂಡಿ ಸವೆದದ್ದರಿಂದ ನೆಲಕ್ಕೆ ಕೂರುವುದು ಅವರಿಂದಾಗದು. ಕತ್ತಿ ಕಪಾಟು ಸೇರಿತು. ಕೂತು ಟೀವಿ ನೋಡಿ ಎಂದರೆ ಕೇಳುವವರಲ್ಲ. ತಾವು ಹೆಚ್ಚದ ಬೀನ್ಸಿನ ಪಲ್ಯ ಅವರ ಗಂಟಲಿಗಿಳಿಯದು. ಸಿಂಕಿಗೊಂದು ಮಣೆ ಮಾಡಿಸಲು ಬಡಗಿಯನ್ನು ಕರೆಸಿದ ದಿನ ನಾನೂ ಅಲ್ಲಿದ್ದೆ. ಆತ ಟೇಪು ಬಿಡಿಸಿ ಉದ್ದಗಲಗಳನ್ನೆಲ್ಲ ಚೀಟಿಯಲ್ಲಿ ಗುರುತು ಹಾಕಿಕೊಂಡು ಹೊರಡಲನುವಾದಾಗ ಅತ್ತಿಗೆ ತಡೆದರು: “ಆಚಾರ್ರೇ, ಸಿಂಕನ್ನೇನೋ ಅಳೆದ್ರಿ. ಹೆಚ್ಚೋದು ಅದೋ, ನಾನೋ?”

ಬಡಗಿ ನಕ್ಕನಾದರೂ ಮಾತಿನ ತೂಕ ತಿಳಿಯದವನಲ್ಲ. “ಮೊಣಕೈ ಮಡಿಸಿ ನಿಂತ್ಕೊಳ್ಳಿ, ಅಮ್ಮ” ಎಂದು ಅಳೆದ. ಅತ್ತಿಗೆ ಗಿಡ್ಡ. ಮೊಣಕೈ ನೆಲದಿಂದ 35 ಅಂಗುಲ. ಕಟ್ಟೆಯೇ 33 ಅಂಗುಲ. ಹೆಚ್ಚುವ ಹಲಗೆಯ ಮೇಲ್ಮೈ ಮೊಣಕೈಗಿಂತ ಮೂರು ನಾಲ್ಕು ಅಂಗುಲವಾದರೂ ತಗ್ಗಿನಲ್ಲಿರಬೇಕು. ಇಲ್ಲವಾದರೆ ಭುಜವನ್ನು ಮೇಲಕ್ಕೆತ್ತಿಯೇ ಕೆಲಸ ಮಾಡಬೇಕಾಗಿ, ರಾತ್ರಿ ಹೊತ್ತು ಕತ್ತು ನೋಯುತ್ತದೆ. ಆ ನೋವಿಗೆ ವಯಸ್ಸನ್ನು ದೂರುವುದು ನಮ್ಮಲ್ಲಿ ರೂಢಿ. ಅಂಗಡಿಯಲ್ಲಿ ನೋಡಲು ಚೆನ್ನಾಗಿರುವ ಒಂದೂವರೆ ಅಂಗುಲ ದಪ್ಪದ ಹಲಗೆ ಎತ್ತರದ ಆಳಿಗೆ ಉಪಕಾರಿ, ಗಿಡ್ಡ ಆಳಿಗೆ ಶಿಕ್ಷೆ. ಅತ್ತಿಗೆಗೆ ಒಂದೇ ಅಂಗುಲದ ಹಲಗೆಯೆಂದೂ, ನಿಂತುಕೊಳ್ಳಲು ಮೂರಂಗುಲ ಎತ್ತರದ, ಅಲುಗದ, ಕಟ್ಟೆಯ ಉದ್ದಕ್ಕೂ ಬರುವ ಕಾಲುಮಣೆಯೆಂದೂ ತೀರ್ಮಾನವಾಯಿತು.

ಇನ್ನು ಸಿಂಕಿನ ಅಳತೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸ್ಟೀಲ್ ಸಿಂಕು 24 ಅಂಗುಲ ಉದ್ದ, 18 ಅಂಗುಲ ಅಗಲ. ಹಲಗೆಯನ್ನು ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಅಡ್ಡ ಹಾಕುವುದೇ ಮೇಲು. ಹೀಗಾದರೆ ಅದನ್ನು ಎಡಕ್ಕೂ ಬಲಕ್ಕೂ ಸರಿಸಬಹುದು, ನಲ್ಲಿಯ ಕೆಳಗೆ ಪಾತ್ರೆ ಹಿಡಿಯಲು ಎಡೆಯೂ ಉಳಿಯುತ್ತದೆ. ಸಿಂಕನ್ನು ಪೂರ್ತಿ ಮುಚ್ಚುವ ಹಲಗೆ ನೋಟಕ್ಕೆ ಚೆಂದ. ಕೈ ತೊಳೆಯಬೇಕೆಂದಾಗಲೆಲ್ಲ ಅದನ್ನು ಎತ್ತಿಡುವುದು ಯಾರು?

ಮರದ ಸ್ವಭಾವವೊಂದನ್ನು ಇಲ್ಲಿ ಹೇಳಲೇಬೇಕು. ತೇವ ಹೀರಿದ ಮರ ನಾರಿನ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಅಲ್ಪ. ನಾರಿನ ಅಡ್ಡಕ್ಕೆ ಹಿಗ್ಗುವುದು ಕಣ್ಣಿಗೆ ಕಾಣುವಷ್ಟು. ಮಳೆಗಾಲದಲ್ಲಿ ಬಾಗಿಲು ಹಿಡಿಯುವುದು ಈ ಕಾರಣಕ್ಕೇ. ಆದ್ದರಿಂದ ಹಲಗೆಯ ನಾರು ಸಿಂಕಿನ ಮುಂದಿನಿಂದ ಹಿಂದಕ್ಕೆ ಓಡಬೇಕು. ಅಳತೆ ಕರಾರುವಾಕ್ಕಾಗಿರಬೇಕಾದ ದಿಕ್ಕಿನಲ್ಲಿ ಮರ ಬದಲಾಗದು. ಬದಲಾಗುವ ದಿಕ್ಕಿನಲ್ಲಿ ಅದಕ್ಕೆ ತಡೆಯಿಲ್ಲ. ಸಿಂಕಿನೊಳಕ್ಕೆ ಬಿಗಿಯಾಗಿ ಕೂರುವಂತೆ ನಾಲ್ಕೂ ಕಡೆ ಕತ್ತರಿಸಿದ ಮರದ ಹಲಗೆ ಆಷಾಢದಲ್ಲಿ ಕಚ್ಚಿಕೊಳ್ಳುತ್ತದೆ, ಚೈತ್ರದಲ್ಲಿ ಒಳಗೆ ಬೀಳುತ್ತದೆ.

ಜಾರದಂತೆ ಹಿಡಿಯಲು ಹಲಗೆಯ ಅಡಿಯಲ್ಲಿ ಎರಡು ರೀಪಿನ ತುಂಡುಗಳು ಸಾಕು. ಅವು ಸಿಂಕಿನ ಅಂಚಿನ ಒಳಮೈಗೆ ತಾಗಿಯೂ ತಾಗದಂತಿರಬೇಕು. ಎರಡೂ ಕಡೆ ಸೇರಿ ಕಾಲಂಗುಲ ಸಡಿಲ ಬಿಟ್ಟರಾಯಿತು. ಹಿಂದಿನ ಕಾಲದ ಕಾಲಿನ ಕೆಲಸ ಈಗ ಇವುಗಳದು. ಆದರೆ ರೀಪನ್ನು ಅಂಟು ಹಾಕಿ ಕೂಡಿಸಬಾರದು. ಹಲಗೆ ಹಿಗ್ಗಲೆಳಸಿದಾಗ ಅಡ್ಡಕ್ಕಿರುವ ರೀಪು ಬಿಡದು. ಕೊನೆಗೆ ಸೀಳುವುದು ಹಲಗೆಯೇ. ನಡುವೆ ಒಂದು ತಿರುಪುಮೊಳೆ ಬಿಗಿಯಾಗಿ, ಆಚೀಚೆಯ ಮೊಳೆಗಳಿಗೆ ರೀಪಿನಲ್ಲಿ ಉದ್ದನೆಯ ತೂತು. ಒಳ್ಳೆಯ ಬಡಗಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೇಳದೆ ಮಾಡಿದನೆಂದರೆ ಬಡಗಿ ಒಳ್ಳೆಯವನೆಂದು ತಿಳಿಯಬಹುದು.

ಮರ ಯಾವುದು? ತೇಗ ನೀರಿಗೆ ಹೆದರದು, ಹೆಚ್ಚು ಸೊಟ್ಟಗಾಗದು. ಅದರೊಳಗಿನ ಮರಳಿನಂಥ ಅಂಶ ಮಾತ್ರ ಚೂರಿಯನ್ನು ತುಸು ಬೇಗ ಸವೆಸುತ್ತದೆ. ವೀಣೆಗೆ ಒದಗುವ ಹಲಸು ಅಡುಗೆಮನೆಗೂ ಒದಗುತ್ತದೆ. ಹುಣಸೆಯ ಗಟ್ಟಿತನವನ್ನು ಮಾಂಸದಂಗಡಿಯ ಕೊರಡು ನೋಡಿದವರು ಬಲ್ಲರು. ಎತ್ತಿಡಬೇಕಾದ ಹಲಗೆಗೆ ಅದು ಭಾರ. ಪ್ಲೈವುಡ್ ಬೇಡವೇ ಬೇಡ, ನೀರು ತಗುಲಿ ಪದರು ಬಿಡುತ್ತದೆ. ಬಿದಿರಿನದು ಮರವಲ್ಲ, ಸೀಳುಗಳನ್ನು ಅಂಟಿಸಿದ ಹುಲ್ಲು. ಪ್ಲಾಸ್ಟಿಕ್ ಹಗುರ, ಬಿಸಿ ಬಾಣಲೆ ಇಟ್ಟರೆ ಸೊಟ್ಟಗಾಗುತ್ತದೆ.

ಮರಕ್ಕಿಂತ ಪ್ಲಾಸ್ಟಿಕ್ ಶುಚಿ ಎಂಬ ನಂಬಿಕೆ ಬಹಳ ಜನರದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ಮರದ ಮೇಲ್ಮೈಗೆ ಹಚ್ಚಿದ ರೋಗಾಣುಗಳು ಸ್ವಲ್ಪ ಹೊತ್ತಿನಲ್ಲೇ ಅಲ್ಲಿ ಸಿಗದಂತಾಗುತ್ತಿದ್ದವು. ಚೂರಿಯ ಗೀರು ತುಂಬಿದ ಹಳೆಯ ಪ್ಲಾಸ್ಟಿಕ್ ಕೈಯಿಂದ ತೊಳೆದರೆ ಸುಲಭಕ್ಕೆ ಶುಚಿಯಾಗುತ್ತಿರಲಿಲ್ಲ. ಹಾಗೆಂದು ಒಂದೇ ಮಣೆಯಲ್ಲಿ ಹಸಿ ಮಾಂಸವನ್ನೂ ಕೋಸಂಬರಿಯ ಸೌತೆಕಾಯಿಯನ್ನೂ ಹೆಚ್ಚುವುದು ತರವಲ್ಲ. ಎರಡು ಮಣೆ ಇರಲಿ.

ಹಲಗೆಯನ್ನು ರಾತ್ರಿಯೆಲ್ಲ ಮುಸುರೆಯಲ್ಲಿ ನೆನೆಹಾಕಬಾರದು. ಎರಡೂ ಮುಖ ತೊಳೆದು ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಒಂದೇ ಮುಖ ನೆನೆದರೆ ಹಲಗೆ ದೋಣಿಯಂತೆ ಬಾಗುತ್ತದೆ. ಎಣ್ಣೆ ಸವರುವುದಾದರೆ ಕಡಲೆಕಾಯಿ ಎಣ್ಣೆ ಬೇಡ, ಕಮಟು ನಾರುತ್ತದೆ. ಔಷಧದಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತಿಂಗಳಿಗೊಮ್ಮೆ ಹಚ್ಚಿ, ಒಂದು ರಾತ್ರಿ ಬಿಟ್ಟು ಒರೆಸಿದರೆ ಸಾಕು.