ಕುದುರೆಯ ಕಾಲು, ಮನುಷ್ಯರ ಹೊಣೆ



ರೇಸ್ ಎಂದರೆ ನಮ್ಮಲ್ಲಿ ಮಾತು ನೇರವಾಗಿ ಬಾಜಿಗೆ ಹೋಗುತ್ತದೆ. ಯಾರ ಮನೆ ಮುಳುಗಿತು, ಯಾರಿಗೆ ಜಾಕ್‌ಪಾಟ್ ಹೊಡೆಯಿತು, ಬೆಂಗಳೂರಿನ ರೇಸ್‌ಕೋರ್ಸ್ ಊರಾಚೆ ಹೋಗಬೇಕೋ ಬೇಡವೋ, ಇಷ್ಟೇ. ಇವತ್ತು ಅದನ್ನೆಲ್ಲ ಬದಿಗಿಟ್ಟು, ಓಡುತ್ತಾ ಓಡುತ್ತಾ ಕಾಲು ಮುರಿದು ಬೀಳುವ ಕುದುರೆಯ ಬಗ್ಗೆ ಮಾತಾಡುತ್ತೇನೆ. ಆ ಸಾವಿಗೆ ಯಾರು ಉತ್ತರ ಹೇಳಬೇಕು ಎಂಬುದು ನನ್ನ ಪ್ರಶ್ನೆ. ಇದಕ್ಕೆ ಅಮೆರಿಕದ ಒಂದು ಮೈದಾನವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ಸತ್ತ ಕುದುರೆಗಳ ಲೆಕ್ಕ ಬಹಿರಂಗವಾಗಿದೆ.

ಲಾಸ್ ಏಂಜಲೀಸ್ ಹತ್ತಿರದ ಸಾಂಟಾ ಅನಿಟಾ ಮೈದಾನದಲ್ಲಿ 2018ರ ಡಿಸೆಂಬರ್ 26ರಂದು ಚಳಿಗಾಲದ ರೇಸುಗಳು ಶುರುವಾದವು. ಆ ವರ್ಷ ಅಲ್ಲಿ ವಾಡಿಕೆಗಿಂತ ಹೆಚ್ಚು ಮಳೆ ಹೊಡೆಯಿತು. ನೀರು ಇಳಿಯದಂತೆ ಟ್ರ್ಯಾಕಿನ ಮಣ್ಣನ್ನು ಅದುಮಿ ಗಟ್ಟಿ ಮಾಡುವುದು, ಮಳೆ ನಿಂತ ಮೇಲೆ ಮತ್ತೆ ಸಡಿಲಿಸುವುದು ನಡೆದೇ ಇತ್ತು. ಮಾರ್ಚ್ ಮೊದಲ ವಾರದ ಹೊತ್ತಿಗೆ 21 ಕುದುರೆಗಳು ಸತ್ತಿದ್ದವು. ರೇಸ್ ನಿಲ್ಲಿಸಿದರು, ಮಣ್ಣು ಪರೀಕ್ಷಿಸಿದರು, ಮಾರ್ಚ್ 29ಕ್ಕೆ ಮತ್ತೆ ಬಾಗಿಲು ತೆರೆದರು. ಎರಡೇ ದಿನಕ್ಕೆ ಇನ್ನೊಂದು ಕುದುರೆ ಬಿತ್ತು. ಜೂನ್ ಮುಗಿಯುವಷ್ಟರಲ್ಲಿ ಸಂಖ್ಯೆ 30.

ಕಾಲು ಮುರಿದರೆ ಪ್ಲಾಸ್ಟರ್ ಹಾಕಿ ಉಳಿಸಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋಗೆ ಅದನ್ನೂ ಮಾಡಿ ನೋಡಿದರು. ಎರಡು ವಾರದ ನಂತರ ಪ್ರೀಕ್‌ನೆಸ್ ರೇಸಿನಲ್ಲಿ ಅದರ ಬಲ ಹಿಂಗಾಲು ಪುಡಿಯಾಯಿತು. ಲೋಹದ ಪಟ್ಟಿ, ಇಪ್ಪತ್ತಕ್ಕೂ ಹೆಚ್ಚು ಸ್ಕ್ರೂ ಹಾಕಿ ಮೂಳೆ ಕೂಡಿಸಿದರು. ಮುರಿದ ಕಾಲು ಚೇತರಿಸಿಕೊಳ್ಳತೊಡಗಿತು ಕೂಡ. ಆದರೆ ನಾನೂರೈವತ್ತು, ಐನೂರು ಕಿಲೋ ತೂಗುವ ಪ್ರಾಣಿ ನಾಲ್ಕು ಕಾಲಿನ ಭಾರವನ್ನು ಮೂರರ ಮೇಲೆ ಹಾಕಿ ತಿಂಗಳುಗಟ್ಟಲೆ ನಿಂತರೆ ಆರೋಗ್ಯವಾಗಿದ್ದ ಕಾಲಿನ ಗೊರಸು ಒಳಗಿನಿಂದ ಬಿಡತೊಡಗುತ್ತದೆ. ಅದರ ನೋವು ತಡೆಯುವಂಥದ್ದಲ್ಲ. ಎಂಟು ತಿಂಗಳ ಚಿಕಿತ್ಸೆಯ ನಂತರ, 2007ರ ಜನವರಿಯಲ್ಲಿ, ಬಾರ್ಬರೋಗೆ ದಯಾಮರಣದ ಚುಚ್ಚುಮದ್ದು ಕೊಟ್ಟರು. ಅಷ್ಟು ಹಣ, ಅಷ್ಟು ಪರಿಣತಿ ಇದ್ದೂ ಹೀಗಾಯಿತು. ಹಾಗಾಗಿ ಕುದುರೆಯನ್ನು ಉಳಿಸುವ ಕಾಲ ಮುರಿತಕ್ಕಿಂತ ಮುಂಚಿನದು.

ಮುಂಚೆ ಎಂದರೆ ಎಷ್ಟು ಮುಂಚೆ? ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಕುದುರೆಯ ಮೊಣಕಾಲಿನ ಕೆಳಗೆ ಮಾಂಸಖಂಡವಿಲ್ಲ. ಮೂಳೆ, ಸ್ನಾಯುರಜ್ಜು, ಚರ್ಮ, ಅಷ್ಟೇ. ನಾಗಾಲೋಟದಲ್ಲಿ ಒಂದು ಗಳಿಗೆ ಇಡೀ ದೇಹ ಒಂದೇ ಮುಂಗಾಲಿನ ಮೇಲೆ ಬರುತ್ತದೆ. ಆಗ ಆ ಕಾಲಿನ ಮೇಲೆ ಬೀಳುವ ಹೊರೆ ಮೈತೂಕದ ಸುಮಾರು ಎರಡೂವರೆ ಪಟ್ಟು. ಗೊರಸಿನ ಮೇಲಿರುವ, ಲಾಯದವರು ಫೆಟ್‌ಲಾಕ್ ಎನ್ನುವ ಕೀಲು ಬಹುತೇಕ ನೆಲ ಮುಟ್ಟುವಷ್ಟು ಬಾಗುತ್ತದೆ. ಅದರ ಹಿಂದೆ ಎರಡು ಪುಟ್ಟ ಮೂಳೆಗಳಿವೆ. ಸೆಳೆತವೆಲ್ಲ ಅವುಗಳ ಮೇಲೆ. ಪ್ರತಿ ಕಠಿಣ ಓಟವೂ ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳನ್ನು ಬಿಡುತ್ತದೆ. ದೇಹ ಸುಮ್ಮನೆ ಕೂರುವುದಿಲ್ಲ, ಹಾಳಾದ ಮೂಳೆಯನ್ನು ಕರಗಿಸಿ ಹೊಸದನ್ನು ತುಂಬುತ್ತದೆ. ಕರಗಿಸುವುದಕ್ಕೆ ವಾರಗಳು ಸಾಕು, ತುಂಬುವುದಕ್ಕೆ ತಿಂಗಳುಗಳು ಬೇಕು. ಈ ನಡುವಿನ ಅವಧಿಯಲ್ಲಿ ಕುದುರೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮೂಳೆ ಪೊಳ್ಳಾಗಿರುತ್ತದೆ. ಅಂಥ ಹೊತ್ತಿನಲ್ಲಿ ಕೀಲಿಗೆ ಸ್ಟೆರಾಯ್ಡ್ ಚುಚ್ಚಿ ನೋವು ಮರೆಸಿದರೆ ಕುದುರೆಗೆ ತಾನು ನಿಲ್ಲಬೇಕೆಂದು ಹೇಳುವ ದಾರಿಯೇ ಇಲ್ಲ.

ಇದೆಲ್ಲ ತಿಳಿದದ್ದು ಶವದಿಂದ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಮೈದಾನದಲ್ಲಿ ಸಾಯುವ ಪ್ರತಿ ರೇಸ್ ಕುದುರೆಗೂ ಮರಣೋತ್ತರ ಪರೀಕ್ಷೆ ಆಗಬೇಕು. ಡೇವಿಸ್ ವಿಶ್ವವಿದ್ಯಾಲಯದ ಸೂ ಸ್ಟೋವರ್ ಮತ್ತು ಅವರ ಸಂಗಡಿಗರು ಆ ಮೂಳೆಗಳನ್ನು ವರ್ಷಗಟ್ಟಲೆ ಕೂತು ನೋಡಿದರು. ಪ್ರಾಣ ತೆಗೆದ ಬಹುಪಾಲು ಮುರಿತಗಳ ಜಾಗದಲ್ಲಿ ಹಳೆಯ ಹಾನಿಯ ಗುರುತು ಇತ್ತು. ಸಾಂಟಾ ಅನಿಟಾದ ಸಾವುಗಳ ಬಗ್ಗೆ ರಾಜ್ಯದ ರೇಸಿಂಗ್ ಮಂಡಳಿ 2020ರಲ್ಲಿ ಕೊಟ್ಟ ವರದಿಯೂ ಇದನ್ನೇ ಹೇಳಿತು. ನಿಷೇಧಿತ ಔಷಧ ಸಿಗಲಿಲ್ಲ, ಆದರೆ ಕಾಲು ಮುರಿದ ಕುದುರೆಗಳಲ್ಲಿ ಬಹುತೇಕ ಎಲ್ಲದರಲ್ಲೂ ಹಳೆಯ ಪೆಟ್ಟು ಇತ್ತು.

ಹಾಗಾದರೆ "ಏನು ಮಾಡೋದು ಸ್ವಾಮಿ, ಹೆಜ್ಜೆ ತಪ್ಪಿತು, ಅದರ ಹಣೆಬರಹ" ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ. 2019ರ ನವೆಂಬರಿನಲ್ಲಿ ಅದೇ ಮೈದಾನದಲ್ಲಿ ಬ್ರೀಡರ್ಸ್ ಕಪ್ ಎಂಬ ದೊಡ್ಡ ರೇಸ್ ಕೂಟ ನಡೆಯಿತು. ಕುದುರೆಗಳನ್ನು ಬಗೆಬಗೆಯಾಗಿ ಪರೀಕ್ಷಿಸಿದ್ದರು. ಆ ಪರೀಕ್ಷೆ ಹೇಗಿರುತ್ತದೆ ಅಂದರೆ, ವೈದ್ಯರು ಕಾಲನ್ನು ಮೇಲಿನಿಂದ ಕೆಳಕ್ಕೆ ಸವರಿ ಬಿಸಿ ಇದೆಯೇ, ಬಾವು ಇದೆಯೇ ನೋಡುತ್ತಾರೆ, ಕೀಲು ಮಡಿಸಿ ಕುದುರೆ ಕಾಲು ಎಳೆದುಕೊಳ್ಳುತ್ತದೆಯೇ ನೋಡುತ್ತಾರೆ, ಆಮೇಲೆ ಲಗಾಮು ಹಿಡಿದ ಆಳು ಅದನ್ನು ಒಂದಷ್ಟು ದೂರ ಸಣ್ಣಗೆ ಓಡಿಸಿ ವಾಪಸ್ ತರುತ್ತಾನೆ. ಇಷ್ಟಾಗಿಯೂ ಕೊನೆಯ ರೇಸಿನಲ್ಲಿ, ಟಿವಿಯ ಮುಂದೆ ಜನ ನೋಡುತ್ತಿದ್ದಂತೆ, ಮಂಗೋಲಿಯನ್ ಗ್ರೂಮ್ ಎಂಬ ಕುದುರೆಯ ಹಿಂಗಾಲು ಮುರಿಯಿತು. ಆ ಮೈದಾನದಲ್ಲಿ ಒಂದು ವರ್ಷದೊಳಗೆ ಅದು 37ನೆಯ ಸಾವು. ಲ್ಯಾರಿ ಬ್ರಾಮ್ಲೇಜ್ ಎಂಬ ಹಿರಿಯ ಶಸ್ತ್ರವೈದ್ಯರು ತನಿಖೆ ಮಾಡಿ, ಎರಡೂ ಹಿಂಗಾಲಿನಲ್ಲಿ ಮೊದಲೇ ಒತ್ತಡದ ಬಿರುಕಿತ್ತು, ಕುದುರೆಯನ್ನು ತಡೆಯುವ ಅವಕಾಶ ಕೈತಪ್ಪಿತು ಎಂದು ಬರೆದರು. ಆ ವರದಿಯನ್ನು ರೇಸ್ ಸಂಘಟಕರೇ ಕೇಳಿ ಬರೆಸಿ ಪ್ರಕಟಿಸಿದರು. ಇದು ನನಗೆ ಹಿಡಿಸಿತು.

ಹಿಡಿಸದ ಸಂಗತಿಯೂ ಇದೆ. ಆ ವರ್ಷದ ಜೂನಿನಲ್ಲಿ ಮೈದಾನದ ಮಾಲೀಕ ಸಂಸ್ಥೆ ಜೆರ್ರಿ ಹೊಲೆನ್‌ಡಾರ್ಫರ್ ಎಂಬ ಹೆಸರಾಂತ ಟ್ರೇನರನ್ನು ಹೊರಗೆ ಹಾಕಿತು. ಆ ಋತುವಿನಲ್ಲಿ ಅವರ ನಾಲ್ಕು ಕುದುರೆಗಳು ಅಲ್ಲಿ ಸತ್ತಿದ್ದವು. ಕೆಲವೇ ವಾರದಲ್ಲಿ ಅವರು ಕೋರ್ಟ್ ಆದೇಶ ತಂದು ಅದೇ ರಾಜ್ಯದ ಡೆಲ್ ಮಾರ್ ಮೈದಾನದಲ್ಲಿ ಕುದುರೆ ಓಡಿಸಿದರು. ಅತ್ತ ಜಿಲ್ಲೆಯ ಸರ್ಕಾರಿ ವಕೀಲರ ಕಚೇರಿ ತನಿಖೆ ಮುಗಿಸಿ ಡಿಸೆಂಬರಿನಲ್ಲಿ, ಕ್ರಿಮಿನಲ್ ಅಪರಾಧಕ್ಕೆ ಪುರಾವೆ ಇಲ್ಲ ಎಂದಿತು. ಅಪರಾಧವಿಲ್ಲ, ಕುದುರೆಗಳು ಮಾತ್ರ ಇಲ್ಲ. ಮಣ್ಣು ಅದುಮಿದವರು, ರೇಸಿನಲ್ಲಿ ಕುದುರೆ ಸಾಲದಾದಾಗ ಟ್ರೇನರುಗಳಿಗೆ ಫೋನು ಮಾಡಿದವರು, ಚುಚ್ಚುಮದ್ದು ಕೊಟ್ಟ ವೈದ್ಯರು, ಬಿಲ್ಲು ಕಟ್ಟಿದ ಮಾಲೀಕರು, ಹೀಗೆ ಹೊಣೆ ಹತ್ತು ಕೈಗಳಲ್ಲಿ ಹಂಚಿಹೋದಾಗ ದಂಡಸಂಹಿತೆಗೆ ಹಿಡಿಯಲು ಯಾರೂ ಸಿಗುವುದಿಲ್ಲ. ಹತ್ತು ಕೈಗಳಿಗೂ ಬೇರೆಬೇರೆ ಕಟ್ಟಳೆ ಬೇಕಾಗುತ್ತದೆ.

ಅಮೆರಿಕದ ಸಂಸತ್ತು 2020ರ ಡಿಸೆಂಬರಿನಲ್ಲಿ ಇಂಥ ಕಾನೂನು ಮಾಡಿತು. ಅದರಿಂದ ಹುಟ್ಟಿದ ರಾಷ್ಟ್ರೀಯ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2022ರ ಜುಲೈ 1ರಿಂದ ಜಾರಿಯಾದವು. ಆಮೇಲೆ ಬಂದ ಔಷಧ ನಿಯಮದ ಪ್ರಕಾರ, ಕೀಲಿಗೆ ಸ್ಟೆರಾಯ್ಡ್ ಕೊಟ್ಟರೆ 14 ದಿನ ರೇಸ್ ಇಲ್ಲ. ಚಾಟಿ ಆರೇ ಏಟು. ಕುದುರೆಗೆ ಮಾಡಿದ ಚಿಕಿತ್ಸೆಯನ್ನೆಲ್ಲ ವೈದ್ಯರು ಪ್ರಾಧಿಕಾರಕ್ಕೆ ತಿಳಿಸಬೇಕು. 2009ರಲ್ಲಿ ಲೆಕ್ಕ ಇಡಲು ಶುರು ಮಾಡಿದಾಗ ಅಲ್ಲಿ ಸಾವಿರ ಓಟಕ್ಕೆ ಎರಡು ಕುದುರೆ ಸಾಯುತ್ತಿದ್ದವು. 2024ರಲ್ಲಿ, ಪ್ರಾಧಿಕಾರದ ಹಿಡಿತದಲ್ಲಿರುವ ಮೈದಾನಗಳಲ್ಲಿ, ಆ ದರ 0.90. ಈ ಇಳಿಕೆಯೆಲ್ಲ ಹೊಸ ಕಾನೂನಿನದಲ್ಲ, ಅದಕ್ಕೂ ಮೊದಲೇ ಶುರುವಾಗಿತ್ತು. ಆದರೆ ಸಂಖ್ಯೆ ಕಣ್ಣ ಮುಂದೆ ಇಲ್ಲದಿದ್ದರೆ ಇಳಿಸಬೇಕೆಂಬ ಒತ್ತಡವೇ ಹುಟ್ಟುತ್ತಿರಲಿಲ್ಲ.

ಇನ್ನು ನಮ್ಮ ಮಾತು. 1996ರಲ್ಲಿ, ಮದ್ರಾಸಿನ ರೇಸ್ ಕ್ಲಬ್ಬಿಗೆ ಸಂಬಂಧಿಸಿದ ಪ್ರಕರಣದಲ್ಲಿ, ಕುದುರೆ ಓಟ ಅದೃಷ್ಟದಾಟವಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕುದುರೆಯ ತಳಿ, ತರಬೇತಿ, ಜಾಕಿಯ ಜಾಣ್ಮೆ ಫಲಿತಾಂಶವನ್ನು ತೀರ್ಮಾನಿಸುತ್ತವೆ ಎಂಬುದು ಅಲ್ಲಿನ ತರ್ಕ. ದೇಶದ ಟರ್ಫ್ ಕ್ಲಬ್ಬುಗಳೆಲ್ಲ ಇವತ್ತಿಗೂ ಆ ತೀರ್ಪಿನ ನೆರಳಿನಲ್ಲೇ ಬದುಕುತ್ತಿವೆ. ಗೆಲುವು ಅದೃಷ್ಟವಲ್ಲ ಎಂದು ಕೋರ್ಟಿನಲ್ಲಿ ವಾದಿಸಿ ಗೆದ್ದವರು, ಕಾಲು ಮುರಿದಾಗ ಅದೃಷ್ಟದ ಮೇಲೆ ಹೊಣೆ ಹಾಕುವ ಹಾಗಿಲ್ಲ. ಅದೇ ತಳಿ, ಅದೇ ತರಬೇತಿ, ಅದೇ ಜಾಣ್ಮೆ ಅಲ್ಲಿಯೂ ಲೆಕ್ಕಕ್ಕೆ ಬರಬೇಕು. ಕಂಬಳದ ಕೋಣದ ಬೆನ್ನಿನ ಮೇಲಿನ ಬಾರುಕೋಲಿಗಾಗಿ ನಾವು ಸುಪ್ರೀಂ ಕೋರ್ಟಿನವರೆಗೆ ವಾದ ಮಾಡಿದ್ದೇವೆ. ಥರೋಬ್ರೆಡ್ ಕುದುರೆಯ ಫೆಟ್‌ಲಾಕ್ ಬಗ್ಗೆ ಒಂದು ಸಂಜೆ ಮಾತಾಡಿದರೆ ಅತಿಯೇನಲ್ಲ.

ನನ್ನ ಬೇಡಿಕೆ ಎರಡೇ. ಬೆಂಗಳೂರು, ಮೈಸೂರಿನ ಮೈದಾನಗಳಲ್ಲಿ ರೇಸಿನಲ್ಲೋ ಬೆಳಗಿನ ಕಸರತ್ತಿನಲ್ಲೋ ಸತ್ತ ಪ್ರತಿ ಕುದುರೆಯ ಶವಪರೀಕ್ಷೆ ಕ್ಲಬ್ಬಿನ ಹೊರಗೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಆಗಲಿ, ವರದಿ ಹೊರಗೆ ಬರಲಿ. ಸಾವಿರ ಓಟಕ್ಕೆ ಎಷ್ಟು ಸಾವು ಎಂಬ ದರ ಪ್ರತಿ ಋತುವಿನ ರೇಸ್ ಪುಸ್ತಕದ ಮೊದಲ ಪುಟದಲ್ಲಿ ಅಚ್ಚಾಗಲಿ. ಖರ್ಚು ಯಾರದು ಎಂದು ಕೇಳುವವರಿಗೆ ಒಂದು ಮಾತು: 2023ರ ಅಕ್ಟೋಬರಿನಲ್ಲಿ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28ರ ಜಿಎಸ್‌ಟಿ ಬಿದ್ದಾಗಲೂ ಕೌಂಟರುಗಳು ಅದನ್ನು ಲೆಕ್ಕ ಹಾಕಿ ತೆಗೆದಿಡಬೇಕಾಯಿತು. ಅದೇ ಕೌಂಟರಿನಲ್ಲಿ ನೂರಕ್ಕೆ ಕೆಲವು ಪೈಸೆ ಈ ಕೆಲಸಕ್ಕೆಂದು ಬೇರೆ ತೆಗೆದಿಟ್ಟರೆ ಸಾಕು.