ಅಪ್ಪನ ಜಾಗ



ತಾಳಿಕೋಟೆ ಎಂದೊಡನೆ ಶಾಲೆಯ ಇತಿಹಾಸ ಪುಸ್ತಕ ನೆನಪಾಗುತ್ತದೆ. 1565ರ ಜನವರಿ, ರಕ್ಕಸಗಿ-ತಂಗಡಗಿ ಯುದ್ಧ, ವಿಜಯನಗರದ ಅಳಿಯ ರಾಮರಾಯನ ಸೋಲು. ಅಂದು ಗೆದ್ದವರಲ್ಲಿ ವಿಜಯಪುರದ ಮೊದಲನೆಯ ಅಲಿ ಆದಿಲ್ ಶಾಹನೂ ಒಬ್ಬ. ಇವತ್ತು ಅವನ ಗೆಲುವಿನ ಮಾತು ಬೇಡ, ಅವನು ಮಗನಾಗಿ ಪಟ್ಟ ಪಾಡನ್ನು ನೋಡೋಣ.

ಅಲಿಯ ತಂದೆ ಇಬ್ರಾಹಿಂ ಸುನ್ನಿ ಪಂಥದವನು. ಮಗನ ಒಲವು ಚಿಕ್ಕಂದಿನಿಂದಲೇ ಶಿಯಾ ಪಂಥದ ಕಡೆಗೆ. ತಂದೆಗೆ ಮಗನ ಮೇಲೆ ಗುಮಾನಿ ಬಂತು. ಹುಡುಗನನ್ನು ಮಿರಜ್ ಕೋಟೆಯಲ್ಲಿ ಕಾವಲಿನಲ್ಲಿರಿಸಿದ. 1558ರ ಸುಮಾರಿಗೆ ತಂದೆ ತೀರಿಕೊಂಡ ಮೇಲೆಯೇ ಅಲಿ ಪಟ್ಟಕ್ಕೆ ಬಂದದ್ದು.

ಮುಂದಿನ ಕಥೆ ಕರುಳು ಹಿಂಡುವಂಥದ್ದು. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಅಲಿ ಸಣ್ಣ ಪರಿವಾರ ಕಟ್ಟಿಕೊಂಡು ವಿಜಯನಗರಕ್ಕೇ ಹೋಗಿ ಸಾಂತ್ವನ ಹೇಳಿದ. ರಾಮರಾಯನ ರಾಣಿ ಅವನನ್ನು ಮಗನೆಂದು ಸ್ವೀಕರಿಸಿದಳು. ಆದರೆ ಅಲಿ ಊರಿಗೆ ಹೊರಟಾಗ ರಾಮರಾಯ ಬೀಳ್ಕೊಡಲು ಊರಾಚೆಗೆ ಬರಲಿಲ್ಲ. ಆ ಅವಮಾನ ಅಲಿಯ ಎದೆಯಲ್ಲಿ ಉಳಿಯಿತೆಂದು ವಿಜಯಪುರದ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ಯುದ್ಧಕ್ಕೆ ಕೋಟೆಗಳ ಜಗಳ, ರಾಜಕೀಯ, ಕಾರಣಗಳು ಬೇಕಾದಷ್ಟಿದ್ದವು. ಆದರೂ ಆ ಬೀಳ್ಕೊಡದ ಗಳಿಗೆ ನನ್ನನ್ನು ಕಾಡುತ್ತದೆ. ಹಡೆದವನಿಂದ ನೊಂದ ಮನಸ್ಸು ಮತ್ತೊಬ್ಬರಲ್ಲಿ ಅಪ್ಪನನ್ನು ಹುಡುಕುತ್ತದೆ. ಅವರು ತುಸು ಮುಖ ತಿರುಗಿಸಿದರೂ ಪೆಟ್ಟು ಹಳೆಯ ಗಾಯದ ಮೇಲೇ ಬೀಳುತ್ತದೆ.

ಇದು ಅರಮನೆಯ ಮಾತಷ್ಟೇ ಅಲ್ಲ. ಮೇಸ್ತ್ರಿ ಒಂದು ಮಾತು ಅಂದದ್ದಕ್ಕೆ ಗೋವೆಯ ಕೆಲಸ ಬಿಟ್ಟು ರಾತ್ರಿ ಬಸ್ಸಿಗೆ ಊರಿಗೆ ಬರುವ ಹುಡುಗರಿದ್ದಾರೆ. ಗಂಡ ದನಿ ಎತ್ತಿದರೆ ಸಾಕು, ಕೈಯಲ್ಲಿನ ತಾಟು ಜಾರಿಸುವ ಹೆಣ್ಣುಮಕ್ಕಳಿದ್ದಾರೆ. ಅವರ ಹಿಂದೆ ಕುಡಿದು ಬಂದು ಹೊಡೆದ ಅಪ್ಪನೋ, ಹೊಡೆಯದೆ ಬರೀ ಮೌನದಿಂದಲೇ ಕೊಂದ ಅಪ್ಪನೋ ಇರುತ್ತಾನೆ. ಇಂಥವರಿಗೆ ಕಟ್ಟೆಯ ಮೇಲಿನ ಹಿರಿಯರು ಹೇಳುವುದು ಒಂದೇ: "ಏನಾದ್ರೂ ಹಡದಪ್ಪ ಅದಾನ, ಮರತ ಬಿಡೋ ತಮ್ಮಾ."

ಈ ಮಾತನ್ನು ನಾನು ಒಪ್ಪಲಾರೆ. ಮರೆ ಎಂದರೆ ಮರೆಯುವಂಥದ್ದಲ್ಲ ಅದು. ವಯಸ್ಸಾದ ಅಪ್ಪನನ್ನು ದವಾಖಾನೆಗೆ ಕರೆದೊಯ್ಯಬಹುದು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬಹುದು, ಅದರ ಜೊತೆಗೇ ನನಗೆ ನೋವಾಗಿತ್ತು ಎಂದೂ ಹೇಳಬಹುದು. ಸೇವೆ ಮಾಡಲಾಗದೆ ದೂರ ಉಳಿದವರನ್ನೂ ನಾನು ದೂರಲಾರೆ. ಆದರೆ ತಪ್ಪಾಯಿತು ಎಂದು ಅಪ್ಪ ಅನ್ನುವ ತನಕ ಕಾಯುತ್ತ ಕೂರುವುದೆಂದರೆ ನಮ್ಮ ಸಮಾಧಾನವನ್ನು ಅವನ ಒಂದು ಮಾತಿಗೆ ಅಡವಿಟ್ಟಂತೆ. ಎಷ್ಟೋ ಅಪ್ಪಂದಿರು ಆ ಮಾತು ಆಡದೆಯೇ ಹೋಗಿಬಿಡುತ್ತಾರೆ.

ಅಪ್ಪನ ಜಾಗ ಖಾಲಿ ಉಳಿದವರಿಗೆ ಬೇರೆ ದಾರಿಯೂ ಇದೆ. ನಮ್ಮದೇ ವಿಜಯಪುರ ಜಿಲ್ಲೆಯ ಬಾಗೇವಾಡಿಯ ಬಸವಣ್ಣ ಮುಂಜಿ ಒಲ್ಲೆನೆಂದು ತಂದೆ ಮಾದರಸನ ಮನೆ ಬಿಟ್ಟನೆಂಬುದು ಈ ನಾಡು ನಂಬಿಕೊಂಡು ಬಂದ ಕಥೆ. ಮುಂದೆ ಅದೇ ಬಸವಣ್ಣ ತನ್ನ ವಚನದಲ್ಲಿ ಮಾದಾರ ಚೆನ್ನಯ್ಯನನ್ನು ಅಪ್ಪನೆಂದ, ಡೋಹರ ಕಕ್ಕಯ್ಯನನ್ನು ಬೊಪ್ಪನೆಂದ, ಕಿನ್ನರಿ ಬ್ರಹ್ಮಯ್ಯನನ್ನು ಅಣ್ಣನೆಂದ. ಜಾತಿಯ ಗೋಡೆ ಒಡೆದ ಮಾತಿದು, ನಿಜ. ಅದರಲ್ಲಿ ಇನ್ನೊಂದೂ ನನಗೆ ಕಾಣುತ್ತದೆ. ಖಾಲಿ ಉಳಿದ ಜಾಗವನ್ನು ಆತ ಒಬ್ಬನೇ ಒಬ್ಬನ ಹೆಗಲಿಗೆ ಹೊರಿಸಲಿಲ್ಲ, ಹಲವರನ್ನು ಅಲ್ಲಿ ಕೂರಿಸಿದ. ಅಕ್ಕ ನಾಗಮ್ಮನೂ ಜೊತೆಗಿದ್ದಳು.

ಅಪ್ಪನ ಜಾಗ ತುಂಬುವ ಇಂಥವರನ್ನು ತಾಳಿಕೋಟೆಯ ಫರಸಿ ಕಲ್ಲಿನ ಖಣಿಗಳಲ್ಲಿ ಈಗಲೂ ನೋಡಬಹುದು. ಹೊಸ ಹುಡುಗನ ಪಕ್ಕ ಕುಕ್ಕರಗಾಲಿನಲ್ಲಿ ಕೂತ ಹಿರಿಯ ಕೆಲಸಗಾರ ಅವನ ಕೈಮೇಲೆ ತನ್ನ ಕೈಯಿಟ್ಟು, ಕಲ್ಲಿನ ಪದರು ಎಲ್ಲಿದೆ, ಉಳಿ ಎಲ್ಲಿ ಹಿಡಿಯಬೇಕು ಎಂದು ತೋರಿಸುತ್ತಾನೆ. ಪೆಟ್ಟು ತಪ್ಪಿ ಹಾಸು ಒಡೆದರೂ ಬೈಯುವುದಿಲ್ಲ, "ಇನ್ನೊಂದು ತಗೋ" ಅನ್ನುತ್ತಾನೆ. ಮನೆಯಲ್ಲಿ ಸಿಗದೇ ಹೋದದ್ದು ಆ ಹುಡುಗನಿಗೆ ಸ್ವಲ್ಪವಾದರೂ ಅಲ್ಲಿ ಸಿಗುತ್ತದೆ. ಚಿಕ್ಕಪ್ಪ, ಸೋದರಮಾವ, ಹಳೆಯ ಮಾಸ್ತರು, ಯಾರಾದರೂ ಆದೀತು.

ಹಾಗೆ ಯಾರೂ ಇಲ್ಲ, ನೋವು ನಿದ್ದೆಗೆಡಿಸುತ್ತಿದೆ ಎನ್ನುವವರು 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ-ಮನಸ್ ಸಹಾಯವಾಣಿ. ಕಾಸು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವ ಹೊತ್ತಿನಲ್ಲೂ.